ಹಳೆಯ ಆಟೋಮ್ಯಾಟಿಕ್ ಕಾರಿನ ಸ್ಪೀಡ್ ಸೆನ್ಸರ್: ಒರಿಜಿನಲ್ಲಾ, ಹೊರಗಿನದಾ, ಗುಜರಿಯದಾ?

ಓಡುತ್ತಿರುವಾಗಲೇ ಸ್ಪೀಡೋಮೀಟರ್ ಮುಳ್ಳು ಧೊಪ್ಪನೆ ಸೊನ್ನೆಗೆ ಬೀಳುತ್ತದೆ. ಒಂದು ಜರ್ಕ್ ಹೊಡೆದು ಗಾಡಿ ಒಂದೇ ಗೇರಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಸಿಗ್ನಲ್ ಬಿಟ್ಟ ಮೇಲೆ ಎಳೆತವೇ ಇರುವುದಿಲ್ಲ. ಹಳೆಯ ಹೋಂಡಾ ಆದರೆ ಮೀಟರಿನಲ್ಲಿ 'ಡಿ' ದೀಪ ಮಿಣುಕುತ್ತದೆ, ಹಳೆಯ ಟೊಯೋಟಾ ಆದರೆ 'ಓ/ಡಿ ಆಫ್' (ಓವರ್‌ಡ್ರೈವ್, ಅಂದರೆ ಎಲ್ಲಕ್ಕಿಂತ ಮೇಲಿನ ಗೇರ್, ಬಂದ್ ಆಗಿದೆ ಅನ್ನುವ) ದೀಪ. ಇಷ್ಟು ಕಂಡ ಕೂಡಲೇ "ಗೇರ್‌ಬಾಕ್ಸ್ ಹೋಗಿದೆ ಸಾರ್, ಇಳಿಸಬೇಕು" ಅನ್ನುವ ಗ್ಯಾರೇಜುಗಳಿವೆ. ಹದಿನೈದು ವರ್ಷದ ಗಾಡಿಗೆ ಅಷ್ಟು ಖರ್ಚು ಯಾಕೆ ಅಂತ ಹೆದರಿ, ಚೆನ್ನಾಗಿರುವ ಗಾಡಿಯನ್ನು ಸಿಕ್ಕಿದ ಬೆಲೆಗೆ ಕೊಟ್ಟುಬಿಡುತ್ತಾರೆ. ನನಗೆ ಸಂಕಟ ಆಗುವುದು ಅಲ್ಲೇ. ಯಾಕೆಂದರೆ ಈ ಲಕ್ಷಣಗಳೆಲ್ಲ ವೇಗ ಅಳೆದು ಗಾಡಿಯ ಕಂಪ್ಯೂಟರಿಗೆ ತಿಳಿಸುವ, ಹೆಬ್ಬೆರಳ ಗಾತ್ರದ ಒಂದು ಸ್ಪೀಡ್ ಸೆನ್ಸರ್ ಕೆಟ್ಟರೂ ಬರುತ್ತವೆ.

ಸೆನ್ಸರ್ ಬದಲಿಸೋಣ ಅಂತ ಗಟ್ಟಿ ಮಾಡಿಕೊಂಡ ಮೇಲೂ ಪ್ರಶ್ನೆ ಮುಗಿಯುವುದಿಲ್ಲ. ಕಂಪನಿಯದೇ ಹಾಕಿಸಬೇಕಾ? ಹೊರಗಿನ ಬ್ರಾಂಡ್ ಆದೀತಾ? ಗುಜರಿಯಿಂದ ತರಬಹುದಾ? ಇರುವುದನ್ನೇ ಕ್ಲೀನ್ ಮಾಡಿ ನೋಡೋಣವಾ? ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಪಾರ್ಟಿನ ಬೆಲೆಗಿಂತ ಮೊದಲು ಸೆನ್ಸರ್ ಕೂತಿರುವ ಜಾಗ ನೋಡಿ. ಬಾನೆಟ್ ಎತ್ತಿದರೆ ಕೈಗೆ ಸಿಗುವ ಸೆನ್ಸರಿಗೆ ಒಂದು ಲೆಕ್ಕ. ಗೇರ್‌ಬಾಕ್ಸಿನ ಎಣ್ಣೆಯೊಳಗೆ ಮುಳುಗಿರುವ ಸೆನ್ಸರಿಗೆ ಬೇರೆಯೇ ಲೆಕ್ಕ.

ಯಾವ ಸೆನ್ಸರ್ ಅಂತ ಗೊತ್ತಿರಲಿ

ಅಂಗಡಿಯಲ್ಲಿ ಸುಮ್ನೆ "ಸ್ಪೀಡ್ ಸೆನ್ಸರ್ ಕೊಡಿ" ಅಂದರೆ ತಪ್ಪು ಪಾರ್ಟ್ ಮನೆಗೆ ಬರುವುದು ಗ್ಯಾರಂಟಿ. ಟಾರ್ಕ್ ಕನ್ವರ್ಟರ್ (ಇಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವ ಮಾಮೂಲಿ ಆಟೋಮ್ಯಾಟಿಕ್‌ನಲ್ಲಿ ಸಾಮಾನ್ಯವಾಗಿ ಎರಡು ಇರುತ್ತವೆ. ಇನ್‌ಪುಟ್ ಸೆನ್ಸರ್, ಇಂಜಿನ್ ಕಡೆಯಿಂದ ಒಳಗೆ ಬರುವ ಶಾಫ್ಟ್ ಎಷ್ಟು ಜೋರಾಗಿ ತಿರುಗುತ್ತಿದೆ ಅಂತ ನೋಡುತ್ತದೆ. ಔಟ್‌ಪುಟ್ ಸೆನ್ಸರ್, ಚಕ್ರದ ಕಡೆ ಹೋಗುವ ಶಾಫ್ಟನ್ನು ನೋಡುತ್ತದೆ. ಹೋಂಡಾದಲ್ಲಿ ಇವಕ್ಕೇ ಮೇನ್‌ಶಾಫ್ಟ್ ಸೆನ್ಸರ್, ಕೌಂಟರ್‌ಶಾಫ್ಟ್ ಸೆನ್ಸರ್ ಅಂತ ಹೆಸರು. ಇವಲ್ಲದೆ ಹಳೆಯ ಗಾಡಿಗಳಲ್ಲಿ ಮೀಟರಿಗೆ ಅಂತಲೇ ಇನ್ನೊಂದು ವೆಹಿಕಲ್ ಸ್ಪೀಡ್ ಸೆನ್ಸರ್ ಇರಬಹುದು.

ಚಕ್ರಗಳ ಹತ್ತಿರ ಇರುವುದು ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಸೆನ್ಸರ್. ಕೆಲವು ಗಾಡಿಗಳಲ್ಲಿ ಮೀಟರಿಗೆ ವೇಗದ ಲೆಕ್ಕ ಅಲ್ಲಿಂದಲೇ ಹೋಗುತ್ತದೆ. ಮುಳ್ಳು ಬಿದ್ದಾಗ ಎಬಿಎಸ್ ದೀಪವೂ ಹತ್ತಿದ್ದರೆ ಮೊದಲು ಚಕ್ರದ ಕಡೆ ನೋಡಿಸಿ.

ಯಾವುದು ಕೆಟ್ಟಿದೆ ಅಂತ ತಿಳಿಯಲು ಎರರ್ ಕೋಡ್ ಬೇಕು. ಪಿ0500 ಬಂದರೆ ವೆಹಿಕಲ್ ಸ್ಪೀಡ್ ಸೆನ್ಸರ್. ಪಿ0715, ಪಿ0717 ಇನ್‌ಪುಟ್ ಕಡೆಯವು. ಪಿ0720, ಪಿ0722 ಔಟ್‌ಪುಟ್ ಕಡೆಯವು. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಇದ್ದರೆ ಕೆಲಸ ಆಯಿತು ಅಂದುಕೊಳ್ಳಬೇಡಿ. ಅವುಗಳಲ್ಲಿ ಹೆಚ್ಚಿನವು ಇಂಜಿನ್ ಕಂಪ್ಯೂಟರ್ ಜೊತೆ ಮಾತ್ರ ಮಾತಾಡುತ್ತವೆ. ಗೇರ್‌ಬಾಕ್ಸಿನ ಕಂಪ್ಯೂಟರ್ ಬೇರೆ ಇದ್ದರೆ ಅದರ ಕೋಡ್ ಅವಕ್ಕೆ ಕಾಣುವುದೇ ಇಲ್ಲ. ನಮ್ಮ ದೇಶದಲ್ಲಿ ಒಬಿಡಿ (ಗಾಡಿ ತನ್ನ ತೊಂದರೆಯನ್ನು ತಾನೇ ಗುರುತಿಸಿ ಕೋಡ್ ಇಡುವ ವ್ಯವಸ್ಥೆ) ಕಡ್ಡಾಯವಾಗಿದ್ದು 2010ರ ಏಪ್ರಿಲ್‌ನಿಂದ, ಒಬಿಡಿ-2 ಬಂದಿದ್ದು 2013ರ ಏಪ್ರಿಲ್‌ನಿಂದ. ಅದಕ್ಕಿಂತ ಹಿಂದಿನ ಗಾಡಿಯಾದರೆ ಆ ಸ್ಕ್ಯಾನರ್ ಕನೆಕ್ಟ್ ಆಗದೆಯೂ ಇರಬಹುದು. ಗೇರ್‌ಬಾಕ್ಸ್ ಓದಬಲ್ಲ ದೊಡ್ಡ ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ ಒಂದು ಸಲ ದುಡ್ಡು ಕೊಟ್ಟು ಓದಿಸಿ. ಇಡೀ ರಿಪೇರಿಯಲ್ಲಿ ಇಷ್ಟು ಸಾರ್ಥಕ ಖರ್ಚು ಇನ್ನೊಂದಿಲ್ಲ.

ತೀರಾ ಹಳೆಯ ಗಾಡಿಗಳಿಗೆ ಸ್ಕ್ಯಾನರೇ ಬೇಡ. 1990ರ ದಶಕದ ಟೊಯೋಟಾಗಳಲ್ಲಿ ಡಯಾಗ್ನೋಸ್ಟಿಕ್ ಕನೆಕ್ಟರಿನ ಟಿಇ1, ಇ1 ಎರಡನ್ನೂ ಒಂದು ತುಂಡು ವೈರಿನಿಂದ ಸೇರಿಸಿ, ಓ/ಡಿ ಆನ್ ಇಟ್ಟು, ಕೀ ಆನ್ ಮಾಡಿದರೆ ಓ/ಡಿ ದೀಪವೇ ಮಿಣುಕಿ ಕೋಡ್ ಹೇಳುತ್ತದೆ. 42 ಅಂದರೆ ಮೀಟರ್ ಕಡೆಯ ಒಂದನೇ ಸೆನ್ಸರ್, 61 ಅಂದರೆ ಗೇರ್‌ಬಾಕ್ಸಿನ ಮೇಲಿರುವ ಎರಡನೇ ಸೆನ್ಸರ್. ಅದೇ ಕಾಲದ ಹೋಂಡಾಗಳಲ್ಲಿ ಡಿ4 ದೀಪ 4 ಸಲ ಮಿಣುಕಿದರೆ ವೆಹಿಕಲ್ ಸ್ಪೀಡ್ ಸೆನ್ಸರ್, 9 ಸಲ ಆದರೆ ಕೌಂಟರ್‌ಶಾಫ್ಟ್, 15 ಆದರೆ ಮೇನ್‌ಶಾಫ್ಟ್.

ಸೆನ್ಸರಾ, ವೈರಾ, ಗೇರ್‌ಬಾಕ್ಸಾ?

ಕೋಡ್ ಬಂತು ಅಂದ ಮಾತ್ರಕ್ಕೆ ಸೆನ್ಸರ್ ಸತ್ತಿದೆ ಅಂತ ಅರ್ಥವಲ್ಲ. ಸೆನ್ಸರಿನಿಂದ ಕಂಪ್ಯೂಟರಿಗೆ ಸುದ್ದಿ ಬರುತ್ತಿಲ್ಲ, ಅಥವಾ ಬಂದ ಸುದ್ದಿ ಸರಿಯಿಲ್ಲ ಅಂತ ಮಾತ್ರ ಅರ್ಥ. ನಡುವೆ ವೈರ್ ಇದೆ, ಕನೆಕ್ಟರ್ ಇದೆ. ನಮ್ಮ ಊರುಗಳಲ್ಲಿ ಇಲಿ, ಹೆಗ್ಗಣ ಇವೆ. ಹಳೆಯ ಗಾಡಿಯನ್ನು ಒಂದು ವಾರ ನಿಲ್ಲಿಸಿದರೆ ಸಾಕು, ಗೇರ್‌ಬಾಕ್ಸಿನ ಮೇಲಿನ ಬೆಚ್ಚಗಿನ ಜಾಗದಲ್ಲಿ ಕೂತು ವೈರ್ ಕಡಿದಿರುತ್ತವೆ. ಮಳೆಗಾಲ ಕಳೆದ ಮೇಲೆ ಕನೆಕ್ಟರ್ ಪಿನ್‌ಗಳಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಆದ್ದರಿಂದ ಕನೆಕ್ಟರ್ ಬಿಚ್ಚಿ ಟಾರ್ಚ್ ಹಿಡಿದು ನೋಡುವುದು ಮೊದಲ ಕೆಲಸ. ಒಳಗೆ ಕೆಂಪನೆಯ ಎಣ್ಣೆ ಕಂಡರೆ ಸೆನ್ಸರಿನ ಮೈ ಬಿರುಕು ಬಿಟ್ಟು ಎಣ್ಣೆ ಹತ್ತಿ ಬರುತ್ತಿದೆ. ಆಗ ಬೇರೆ ಪರೀಕ್ಷೆ ಬೇಡ, ಬದಲಿಸಿ.

ಕೇಬಲ್ ಮೇಲೆ ಮೀಟರ್ ಓಡುವ ಹಳೆಯ ಗಾಡಿಯಾದರೆ ಗೇರ್‌ಬಾಕ್ಸಿನ ತುದಿಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಗೇರ್ ಇರುತ್ತದೆ. ಅದರ ಹಲ್ಲು ಸವೆದರೂ ಮುಳ್ಳು ಬೀಳುತ್ತದೆ. ಹೊಸ ಸೆನ್ಸರ್ ಹಾಕಿ ಏನೂ ಬದಲಾಗದೆ ತಲೆ ಕೆಡಿಸಿಕೊಳ್ಳುವವರಲ್ಲಿ ಹಲವರಿಗೆ ಹೋಗಿರುವುದು ಈ ಗೇರ್.

ಇನ್ನು ವೈರುಗಳನ್ನು ಎಣಿಸಿ. ಎರಡು ವೈರ್ ಇದ್ದರೆ ಅದು ಹೆಚ್ಚಾಗಿ ಅಯಸ್ಕಾಂತ ಮತ್ತು ತಾಮ್ರದ ಸುರುಳಿ ಇರುವ ಹಳೆಯ ಬಗೆಯ ಸೆನ್ಸರ್. ತನ್ನಷ್ಟಕ್ಕೆ ತಾನೇ ಕರೆಂಟ್ ಹುಟ್ಟಿಸುತ್ತದೆ. ಮಲ್ಟಿಮೀಟರನ್ನು ಓಮ್‌ನಲ್ಲಿಟ್ಟು ಎರಡು ಪಿನ್ ಮುಟ್ಟಿಸಿದರೆ ಹೆಚ್ಚಾಗಿ ಕೆಲವು ನೂರರಿಂದ ಒಂದೆರಡು ಸಾವಿರದೊಳಗೆ ಒಂದು ಅಂಕಿ ಬರಬೇಕು. ನಿಮ್ಮ ಗಾಡಿಯ ಸರಿಯಾದ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಏನೂ ತೋರಿಸದಿದ್ದರೆ ಸುರುಳಿ ಕಡಿದುಹೋಗಿದೆ. ಸೆನ್ಸರ್ ಬಿಚ್ಚಿದ್ದರೆ ಮೀಟರನ್ನು ಎಸಿ ಮಿಲಿವೋಲ್ಟಿಗೆ ತಿರುಗಿಸಿ, ತುದಿಯ ಹತ್ತಿರ ಒಂದು ಸ್ಪ್ಯಾನರನ್ನು ಸರಸರ ಆಡಿಸಿ. ಅಂಕಿ ಕುಣಿದರೆ ಅದಕ್ಕೆ ಜೀವ ಇದೆ.

ಮೂರು ವೈರ್ ಇದ್ದರೆ ಹೆಚ್ಚಾಗಿ ಹಾಲ್ ಸೆನ್ಸರ್, ಅಂದರೆ ಹೊರಗಿನಿಂದ ಕರೆಂಟ್ ಕೊಟ್ಟರೆ ಮಾತ್ರ ಕೆಲಸ ಮಾಡುವ ಎಲೆಕ್ಟ್ರಾನಿಕ್ ಬಗೆ. ಇದಕ್ಕೆ ಓಮ್ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಕೀ ಆನ್ ಮಾಡಿ, ಗಾಡಿಯ ಕಡೆಯ ಕನೆಕ್ಟರಿನಲ್ಲಿ ಸಪ್ಲೈ ಬರುತ್ತಿದೆಯಾ, ಅರ್ತ್ ಸರಿಯಿದೆಯಾ ನೋಡಿ. ಎರಡೂ ಸರಿಯಿದ್ದು, ಕನೆಕ್ಟರ್ ಹಾಕಿದ ಮೇಲೂ ಸಿಗ್ನಲ್ ವೈರಿನಲ್ಲಿ ಏನೂ ಏರಿಳಿತ ಇಲ್ಲದಿದ್ದರೆ ಸೆನ್ಸರ್ ಮೇಲೆ ಅನುಮಾನ ಗಟ್ಟಿಯಾಗುತ್ತದೆ.

ಈಗ ಬಹಳ ಮುಖ್ಯವಾದ ವಿಷಯ. ಸ್ಕ್ಯಾನರಿನಲ್ಲಿ ಲೈವ್ ಡೇಟಾ ಹಾಕಿಸಿ, ಪಕ್ಕದ ಸೀಟಿನಲ್ಲಿ ಒಬ್ಬರನ್ನು ಕೂರಿಸಿ ಗಾಡಿ ಓಡಿಸಿ. ಇಂಜಿನ್ ಆರ್‌ಪಿಎಂ, ಇನ್‌ಪುಟ್ ಸ್ಪೀಡ್, ಔಟ್‌ಪುಟ್ ಸ್ಪೀಡ್ ಮೂರೂ ಒಟ್ಟಿಗೆ ಕಾಣಬೇಕು. ಒಂದೇ ಗೇರಿನಲ್ಲಿ ಹೋಗುತ್ತಿರುವಷ್ಟು ಹೊತ್ತು ಇನ್‌ಪುಟ್‌ಗೂ ಔಟ್‌ಪುಟ್‌ಗೂ ಇರುವ ಅನುಪಾತ ಬದಲಾಗಬಾರದು. 60ರಲ್ಲಿ ಹೋಗುವಾಗ ಔಟ್‌ಪುಟ್ ಅಂಕಿ ಕಣ್ಣು ಮಿಟುಕಿಸುವಷ್ಟರಲ್ಲಿ ಸೊನ್ನೆಯಾಗಿ ಮತ್ತೆ 60ರ ಲೆಕ್ಕಕ್ಕೇ ಬಂದರೆ ಅದು ಸೆನ್ಸರ್ ಅಥವಾ ವೈರಿನ ತೊಂದರೆ. ಎಷ್ಟೇ ಕೆಟ್ಟ ಗೇರ್‌ಬಾಕ್ಸ್ ಇದ್ದರೂ ಗಾಡಿ ಕ್ಷಣದಲ್ಲಿ ನಿಂತು ಕ್ಷಣದಲ್ಲಿ 60ಕ್ಕೆ ಹೋಗಲು ಸಾಧ್ಯವಿಲ್ಲ, ಅಲ್ವಾ? ಅದರ ಬದಲು ಆಕ್ಸಿಲರೇಟರ್ ಒತ್ತಿದಾಗ ಇನ್‌ಪುಟ್ ನಿಧಾನವಾಗಿ ಮೇಲೇರಿ ಔಟ್‌ಪುಟ್ ಹಿಂದೆಯೇ ಉಳಿದರೆ ಒಳಗಿನ ಕ್ಲಚ್ ಜಾರುತ್ತಿದೆ. ಆಗ ಪಿ0730 ಅಥವಾ ಪಿ0731ರ ಸಾಲಿನ ಕೋಡ್ ಕೂಡ ಬರಬಹುದು. ಅದಕ್ಕೆ ಸೆನ್ಸರ್ ಬದಲಿಸಿ ಉಪಯೋಗವಿಲ್ಲ. ಈ ಒಂದು ಓಡಾಟ ಮಾಡದೆ ಗೇರ್‌ಬಾಕ್ಸ್ ಇಳಿಸಲು ಯಾರಿಗೂ ಒಪ್ಪಿಗೆ ಕೊಡಬೇಡಿ.

ಬೆಳಗ್ಗೆ ಗಾಡಿ ಚೆನ್ನಾಗಿದ್ದು, ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ ಕೈಕೊಟ್ಟು, ನಿಲ್ಲಿಸಿ ತಣ್ಣಗಾದ ಮೇಲೆ ಮತ್ತೆ ಸರಿಹೋದರೆ ಅದೂ ಸೆನ್ಸರಿನ ಗುಣವೇ. ಬಿಸಿಗೆ ಒಳಗಿನ ಬೆಸುಗೆ ಬಿಟ್ಟುಕೊಳ್ಳುತ್ತದೆ. ಗ್ಯಾರೇಜಿನಲ್ಲಿ ತಣ್ಣಗೆ ನಿಂತಿರುವಾಗ ಪರೀಕ್ಷೆ ಮಾಡಿ "ಏನೂ ತೊಂದರೆ ಇಲ್ಲ" ಅಂತ ವಾಪಸ್ ಕಳಿಸಿದರೆ ನಂಬಬೇಡಿ. ಬಿಸಿ ಇರುವಾಗಲೇ ತೋರಿಸಿ.

ಹಾಗೇ ಓಡಿಸಬಹುದಾ?

ಗ್ಯಾರೇಜಿನವರೆಗೆ ಓಡಿಸಿ, ಪರವಾಗಿಲ್ಲ. ತಿಂಗಳುಗಟ್ಟಲೆ ಓಡಿಸಬೇಡಿ. ಸರಿಯಾದ ವೇಗ ಗೊತ್ತಿಲ್ಲದೆ ಕಂಪ್ಯೂಟರ್ ಗೇರನ್ನು ಒರಟಾಗಿ ಬದಲಿಸುತ್ತದೆ, ಕ್ಲಚ್ ಪ್ಲೇಟ್ ಸವೆಯುತ್ತದೆ. ಟಾರ್ಕ್ ಕನ್ವರ್ಟರ್ ಲಾಕ್ ಆಗುವುದಿಲ್ಲ, ಎಣ್ಣೆ ಕಾಯುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಶಿರಾಡಿ, ಚಾರ್ಮಾಡಿಯಂಥ ಘಾಟಿಯಲ್ಲಿ ಮೂರನೇ ಗೇರಿನಲ್ಲಿ ಸಿಕ್ಕಿಕೊಂಡ ಗಾಡಿ ಹತ್ತಿಸುವುದು ಗೇರ್‌ಬಾಕ್ಸಿಗೆ ಮಾಡುವ ಅನ್ಯಾಯ. 15 ವರ್ಷ ತುಂಬಿ ಆರ್‌ಸಿ ನವೀಕರಣಕ್ಕೆ ಹೋಗುವ ಗಾಡಿಯಾದರೆ ಮೀಟರ್ ಸರಿಯಿರಲೇಬೇಕು.

ಕೈಗೆ ಸಿಗುವ ಸೆನ್ಸರ್ ಆದರೆ

ಹಳೆಯ ಜಪಾನಿ, ಕೊರಿಯನ್ ಗಾಡಿಗಳಲ್ಲಿ ಹೆಚ್ಚಾಗಿ ಸೆನ್ಸರ್ ಹೊರಗಡೆಯೇ ಒಂದೇ ಬೋಲ್ಟಿನಲ್ಲಿ ಕೂತಿರುತ್ತದೆ. ಏರ್ ಫಿಲ್ಟರ್ ಡಬ್ಬ, ಬ್ಯಾಟರಿ ತೆಗೆದರೆ ಹಲವು ಗಾಡಿಗಳಲ್ಲಿ ಕಣ್ಣಿಗೆ ಬೀಳುತ್ತದೆ.

ಇಂಥದಕ್ಕೆ ನಾನು ಮೊದಲು ಹೇಳುವುದು ಕ್ಲೀನಿಂಗ್. ಸೆನ್ಸರಿನ ತುದಿಯಲ್ಲಿ ಅಯಸ್ಕಾಂತ ಇರುವುದರಿಂದ ಎಣ್ಣೆಯಲ್ಲಿ ತೇಲುವ ಕಬ್ಬಿಣದ ಪುಡಿ ಅಲ್ಲಿ ಅಂಟಿಕೊಳ್ಳುತ್ತದೆ. ಬಿಚ್ಚಿ ನೋಡಿದಾಗ ಬೂದು ಬಣ್ಣದ ನುಣ್ಣಗಿನ ಲೇಪ ಕಂಡರೆ ಹೆದರಬೇಡಿ, ವಯಸ್ಸಾದ ಗೇರ್‌ಬಾಕ್ಸಿನಲ್ಲಿ ಅದು ಮಾಮೂಲು. ಒರೆಸಿ, ಕನೆಕ್ಟರಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಹೊಸ ಓ-ರಿಂಗ್ (ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ) ಹಾಕಿ ಕೂರಿಸಿ. ಎಷ್ಟೋ ಗಾಡಿಗಳಲ್ಲಿ ಕಥೆ ಅಲ್ಲಿಗೇ ಮುಗಿಯುತ್ತದೆ. ಆದರೆ ಬೆರಳಿಗೆ ಚುಚ್ಚುವಂಥ ಲೋಹದ ಚೂರು ಸಿಕ್ಕಿದರೆ ಒಳಗೆ ಏನೋ ಮುರಿಯುತ್ತಿದೆ. ಆಗ ಸೆನ್ಸರಿಗೆ ದುಡ್ಡು ಹಾಕುವುದನ್ನು ನಿಲ್ಲಿಸಿ, ಗೇರ್‌ಬಾಕ್ಸ್ ಬಲ್ಲವರಿಗೆ ತೋರಿಸಿ.

ಕ್ಲೀನಿಂಗ್ ಸಾಲದಿದ್ದರೆ ಹೊಸದು ಬೇಕು. ಕಂಪನಿಯ ಒರಿಜಿನಲ್ ಇನ್ನೂ ಸಿಗುತ್ತಿದ್ದು ಬೆಲೆ ಕೈಗೆಟುಕುವಂತಿದ್ದರೆ ಅದನ್ನೇ ತನ್ನಿ. ಹಳೆಯ ಗಾಡಿಯ ಪಾರ್ಟ್ ನಂಬರ್ ಕಾಲಕಾಲಕ್ಕೆ ಬದಲಾಗಿರುತ್ತದೆ. ಕೌಂಟರಿನಲ್ಲಿ ಮಾಡೆಲ್ ಹೆಸರು ಹೇಳುವ ಬದಲು ಆರ್‌ಸಿಯಲ್ಲಿರುವ ಛಾಸಿ ನಂಬರ್ ಕೊಟ್ಟು ಈಗಿನ ಪಾರ್ಟ್ ನಂಬರ್ ತೆಗೆಸಿ.

ಒರಿಜಿನಲ್ ನಿಂತುಹೋಗಿದ್ದರೆ, ಅಥವಾ ಬೆಲೆ ಕೇಳಿ ಎದೆ ಧಸಕ್ ಅಂದರೆ, ಮುಂದಿನ ಆಯ್ಕೆ ಕಂಪನಿಗಳಿಗೇ ಪಾರ್ಟ್ ಮಾಡಿಕೊಡುವವರ ಬ್ರಾಂಡ್. ಟೊಯೋಟಾಗೆ ಡೆನ್ಸೊ, ಐಸಿನ್ ಇವೆ. ಯುರೋಪಿನ ಗಾಡಿಗಳಿಗೆ ಬಾಷ್ ಇದೆ. ನನ್ನ ಪ್ರಕಾರ ಹಳೆಯ ಗಾಡಿಗೆ ಇದೇ ಜಾಣತನದ ಆಯ್ಕೆ, ಎಷ್ಟೋ ಸಲ ಅದೇ ಸೆನ್ಸರ್ ಬೇರೆ ಡಬ್ಬದಲ್ಲಿ ಬರುತ್ತದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಈ ಹೆಸರುಗಳ ಡೂಪ್ಲಿಕೇಟ್ ಡಬ್ಬಗಳೂ ಮಾರುಕಟ್ಟೆಯಲ್ಲಿವೆ. ಡಬ್ಬದ ಮೇಲೆ ಎಂಆರ್‌ಪಿ ಲೇಬಲ್ ಇದೆಯಾ, ಸೆನ್ಸರಿನ ಮೈಮೇಲೆ ಅಚ್ಚೊತ್ತಿದ ನಂಬರ್ ಹಳೆಯದರ ಜೊತೆ ಹೊಂದುತ್ತದೆಯಾ, ತುದಿಯ ಉದ್ದ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲವಾ ನೋಡಿ. ಉದ್ದ ಕಡಿಮೆಯಾದರೆ ಸಿಗ್ನಲ್ ದುರ್ಬಲವಾಗುತ್ತದೆ, ಜಾಸ್ತಿಯಾದರೆ ಒಳಗಿನ ಹಲ್ಲುಚಕ್ರಕ್ಕೆ ತಾಗಿ ಪುಡಿಯಾಗುತ್ತದೆ. ಬೆಂಗಳೂರಿನವರಾದರೆ ಜೆ.ಸಿ. ರೋಡಿಗೆ ಹಳೆಯ ಸೆನ್ಸರನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಅಂಗಡಿಯಲ್ಲೇ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ ತನ್ನಿ.

ಹೆಸರೇ ಇಲ್ಲದ ಅಗ್ಗದ ಸೆನ್ಸರ್? ಮೀಟರಿಗೆ ಮಾತ್ರ ಸಂಬಂಧಿಸಿದ ಸೆನ್ಸರ್ ಆಗಿದ್ದು, ಹತ್ತು ನಿಮಿಷದಲ್ಲಿ ಬದಲಿಸುವಂತಿದ್ದರೆ ಹಾಕಿ ನೋಡಬಹುದು. ಇನ್‌ಪುಟ್, ಔಟ್‌ಪುಟ್ ಸೆನ್ಸರಿಗೆ ಬೇಡ. ಅವು ಪೂರ್ತಿ ಸತ್ತರೆ ಕೋಡ್ ಬಂದು ಗೊತ್ತಾಗುತ್ತದೆ. ಅರೆಬರೆ ಸಿಗ್ನಲ್ ಕೊಟ್ಟರೆ ಗೇರ್ ತಪ್ಪು ಹೊತ್ತಿನಲ್ಲಿ ಬೀಳುತ್ತದೆ, ತೊಂದರೆ ಎಲ್ಲಿದೆ ಅಂತ ಹುಡುಕುವುದರಲ್ಲೇ ಉಳಿಸಿದ ದುಡ್ಡು ಕರಗುತ್ತದೆ.

ಗುಜರಿಯ ಬಗ್ಗೆ ನನಗೆ ಗೌರವವಿದೆ. ಬೆಂಗಳೂರಿನ ಶಿವಾಜಿನಗರ, ಚೆನ್ನೈನ ಪುದುಪೇಟೆ, ದೆಹಲಿಯ ಮಾಯಾಪುರಿ ಇಲ್ಲದಿದ್ದರೆ ಎಷ್ಟೋ ಹಳೆಯ ಗಾಡಿಗಳು ಎಂದೋ ನಿಂತುಹೋಗುತ್ತಿದ್ದವು. ಎರಡು ವೈರಿನ ಸೆನ್ಸರ್ ಆದರೆ ಮಲ್ಟಿಮೀಟರ್ ಜೇಬಿನಲ್ಲಿಟ್ಟುಕೊಂಡು ಹೋಗಿ, ಮೇಲೆ ಹೇಳಿದ ಸ್ಪ್ಯಾನರ್ ಪರೀಕ್ಷೆ ಅಲ್ಲೇ ಮಾಡಿ ಧೈರ್ಯವಾಗಿ ತನ್ನಿ. ಮೂರು ವೈರಿನದು ಅಲ್ಲಿ ಪರೀಕ್ಷಿಸುವುದು ಕಷ್ಟ. ಕೆಲಸ ಮಾಡದಿದ್ದರೆ ವಾಪಸ್ ತೆಗೆದುಕೊಳ್ಳುತ್ತೇನೆ ಅಂದರೆ ಮಾತ್ರ ಕೊಳ್ಳಿ. ಇನ್ನೊಂದು ಮಾತು. ಗುಜರಿಯಿಂದ ತರುವಾಗ ಸೆನ್ಸರಿನ ಜೊತೆ ಕನೆಕ್ಟರನ್ನೂ ಒಂದು ಗೇಣು ವೈರ್ ಸಮೇತ ಕತ್ತರಿಸಿಕೊಡಿ ಅಂತ ಕೇಳಿ. ಹಳೆಯ ಗಾಡಿಯ ಕನೆಕ್ಟರ್ ಬಿಸಿಗೆ ಒಣಗಿ, ಮುಟ್ಟಿದರೆ ಮುರಿಯುವಂತಾಗಿರುತ್ತದೆ. ಬಿಡಿಯಾಗಿ ಹೊಸದು ಸಿಗುವುದು ಅಪರೂಪ.

ಅಮೆರಿಕದಲ್ಲಿ ಹಳೆಯ ಕೊರೊಲ್ಲಾ, ಸಿವಿಕ್ ಇಟ್ಟುಕೊಂಡಿರುವ ನಮ್ಮವರಿಗೆ ಆಯ್ಕೆ ಸುಲಭ. ಅಲ್ಲಿ 1996ರ ಮಾಡೆಲ್‌ನಿಂದ ಒಬಿಡಿ-2 ಕಡ್ಡಾಯ. ಆಟೋಝೋನ್‌ನಂಥ ಅಂಗಡಿಗಳಲ್ಲಿ ಕೋಡ್ ಪುಕ್ಕಟೆ ಓದಿಕೊಡುತ್ತಾರೆ. ಒಳ್ಳೆಯ ಬ್ರಾಂಡಿನ ಸೆನ್ಸರೂ ಸುಲಭವಾಗಿ ಸಿಗುತ್ತದೆ. ಅಲ್ಲಿ ಗುಜರಿಗೆ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ.

ಎಣ್ಣೆಯೊಳಗಿನ ಸೆನ್ಸರ್ ಆದರೆ

ಇಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. 1990ರ ದಶಕದ ಕೊನೆಯಿಂದ ಮರ್ಸಿಡಿಸ್ ಗಾಡಿಗಳಲ್ಲಿ ಬಂದ 722.6 ಅನ್ನುವ ಐದು ಗೇರಿನ ಆಟೋಮ್ಯಾಟಿಕ್ ಒಳ್ಳೆಯ ಉದಾಹರಣೆ. ಇದರ ಸ್ಪೀಡ್ ಸೆನ್ಸರುಗಳು ಒಳಗಿನ ಕಂಡಕ್ಟರ್ ಪ್ಲೇಟ್ ಅನ್ನುವ ಪ್ಲಾಸ್ಟಿಕ್ ಹಲಗೆಯ ಮೇಲೇ ಕೂತಿವೆ. ಬದಲಿಸಬೇಕಾದರೆ ಎಣ್ಣೆ ಇಳಿಸಿ, ಕೆಳಗಿನ ಪ್ಯಾನ್ ಬಿಚ್ಚಿ, ಎಣ್ಣೆಯ ಹರಿವು ನಿಯಂತ್ರಿಸುವ ವಾಲ್ವ್ ಬಾಡಿ ಇಳಿಸಿ, ಇಡೀ ಪ್ಲೇಟ್ ಬದಲಿಸುವುದು ವಾಡಿಕೆ. ಫಿಲ್ಟರ್, ಗ್ಯಾಸ್ಕೆಟ್, ಹೊಸ ಎಣ್ಣೆ ಎಲ್ಲ ಬೇಕು. ಇಷ್ಟೆಲ್ಲ ಲೇಬರ್ ಇರುವ ಕಡೆ ಅಗ್ಗದ ಅಥವಾ ಸೆಕೆಂಡ್ ಹ್ಯಾಂಡ್ ಪ್ಲೇಟ್ ಹಾಕಿಸಿ, ಆರು ತಿಂಗಳಿಗೆ ಅದು ಹೋದರೆ ಮತ್ತೆ ಅಷ್ಟೂ ಖರ್ಚು. ಇಲ್ಲಿ ಒರಿಜಿನಲ್ ಅಥವಾ ಒರಿಜಿನಲ್ ಮಾಡುವವರದ್ದು ಮಾತ್ರ. ಇದರಲ್ಲಿ ರಾಜಿ ಬೇಡ. ಅದೇ ಸಲ 13 ಪಿನ್ನಿನ ಕನೆಕ್ಟರ್ ಹೌಸಿಂಗನ್ನೂ ಬದಲಿಸಿ. ಅದರ ಓ-ರಿಂಗ್ ಸೋರಿ ಎಣ್ಣೆ ವೈರಿನೊಳಗೇ ಹತ್ತಿ ಕಂಪ್ಯೂಟರ್ ತನಕ ಹೋಗುವುದು ಈ ಗೇರ್‌ಬಾಕ್ಸಿನ ಹಳೆಯ ಕಾಯಿಲೆ.

ಯಾರ ಕೈಯಲ್ಲಿ ಮಾಡಿಸುವುದು?

ವೈರಿನ ತೊಂದರೆ ಅಂತ ಗೊತ್ತಾದರೆ ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಸಾಕು. ವೈರ್ ತಿರುಚಿ ಟೇಪ್ ಸುತ್ತುವವರು ಬೇಡ. ಸೋಲ್ಡರ್ ಅಥವಾ ಕ್ರಿಂಪ್ ಮಾಡಿ ಹೀಟ್ ಶ್ರಿಂಕ್ ಹಾಕುವವರನ್ನು ಹುಡುಕಿ. ಹೊರಗಿನ ಸೆನ್ಸರ್ ಬದಲಿಸಲು ನಂಬಿಕೆಯ ಯಾವ ಗ್ಯಾರೇಜೂ ಆದೀತು, ಕೈ ಪಳಗಿದವರು ಮನೆಯಲ್ಲೇ ಮಾಡಬಹುದು. ಎಣ್ಣೆಯೊಳಗಿನದಕ್ಕೆ ಆಟೋಮ್ಯಾಟಿಕ್ ಗೇರ್‌ಬಾಕ್ಸನ್ನೇ ದಿನವೂ ಬಿಚ್ಚುವವರ ಬಳಿ ಹೋಗಿ.

ಮನೆಯಲ್ಲಿ ಮಾಡುವವರಿಗೆ ಒಂದಿಷ್ಟು ಮಾತು. ಗಾಡಿ ಪೂರ್ತಿ ತಣ್ಣಗಾಗಲಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಕೆಳಗೆ ತೂರಬೇಕಾದರೆ ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಇಡಿ. ಸೆನ್ಸರಿನ ಸುತ್ತ ಇರುವ ಮಣ್ಣು, ಜಿಡ್ಡನ್ನು ಬಿಚ್ಚುವ ಮೊದಲೇ ಬ್ರಷ್ ಹಾಕಿ ಒರೆಸಿ, ಇಲ್ಲದಿದ್ದರೆ ಎಲ್ಲ ಗೇರ್‌ಬಾಕ್ಸಿನೊಳಗೆ ಬೀಳುತ್ತದೆ. ಬೋಲ್ಟ್ ಹೆಚ್ಚಾಗಿ 10 ನಂಬರ್ ಸ್ಪ್ಯಾನರಿಗೆ ಸಿಗುತ್ತದೆ. ಹಳೆಯ ಸೆನ್ಸರ್ ಅಂಟಿಕೊಂಡಿದ್ದರೆ ಎಡಕ್ಕೂ ಬಲಕ್ಕೂ ತಿರುಗಿಸಿ ಸಡಿಲ ಮಾಡಿ ನಿಧಾನವಾಗಿ ಎಳೆಯಿರಿ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಮೇಲಿನ ಭಾಗ ಕೈಗೆ ಬಂದು ತುದಿ ಒಳಗೇ ಉಳಿಯುತ್ತದೆ. ಹೊಸ ಓ-ರಿಂಗಿಗೆ ಅದೇ ಗೇರ್‌ಬಾಕ್ಸಿನ ಎಣ್ಣೆ ಸವರಿ ಕೂರಿಸಿ, ಸಿಲಿಕಾನ್ ಪೇಸ್ಟ್ ಬೇಡ. ಬೋಲ್ಟ್ ಕಚ್ಚುವುದು ಅಲ್ಯೂಮಿನಿಯಂಗೆ, ಆದ್ದರಿಂದ ಬಲ ಹಾಕಬೇಡಿ. ಹೋಂಡಾ ಹೇಳುವುದು 12 ನ್ಯೂಟನ್ ಮೀಟರ್ ಅಷ್ಟೇ. ಎಣ್ಣೆ ಸ್ವಲ್ಪ ಚೆಲ್ಲಿದ್ದರೆ ಮ್ಯಾನ್ಯುಯಲ್‌ನಲ್ಲಿ ಬರೆದಿರುವ ಎಣ್ಣೆಯನ್ನೇ ತುಂಬಿಸಿ. ಸಿವಿಟಿ (ಗೇರುಗಳ ಬದಲು ಬೆಲ್ಟ್ ಇರುವ ಆಟೋಮ್ಯಾಟಿಕ್) ಗಾಡಿಗೆ ಮಾಮೂಲಿ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಹಾಕಬಾರದು.

ಕೋಡ್ ಅಳಿಸಿ, ಎಲ್ಲ ಗೇರುಗಳೂ ಬೀಳುವಷ್ಟು ದೂರ ಓಡಿಸಿ. ಬ್ಯಾಟರಿ ಬಿಚ್ಚಿದ್ದರಿಂದ ಮೊದಲ ಸ್ವಲ್ಪ ದೂರ ಗೇರ್ ಬದಲಾವಣೆ ಒರಟು ಅನ್ನಿಸಬಹುದು. ಮೀಟರನ್ನು ಮೊಬೈಲಿನ ಜಿಪಿಎಸ್ ವೇಗದ ಜೊತೆ ಹೋಲಿಸಿ. ಒಂದೆರಡು ದಿನ ಬಿಟ್ಟು ಸೆನ್ಸರಿನ ಬುಡದಲ್ಲಿ ಎಣ್ಣೆ ಒಸರುತ್ತಿದೆಯಾ ನೋಡಿ. ಅದೇ ಕೋಡ್ ಮತ್ತೆ ಬಂದರೆ ಇನ್ನೊಂದು ಸೆನ್ಸರ್ ಕೊಳ್ಳಲು ಓಡಬೇಡಿ. ಕನೆಕ್ಟರಿನಿಂದ ಕಂಪ್ಯೂಟರಿನ ತನಕ ಒಂದೊಂದೇ ವೈರ್ ಹಿಡಿದು, ಬಗ್ಗಿಸಿ, ಅಲುಗಾಡಿಸಿ ಮಲ್ಟಿಮೀಟರಿನಲ್ಲಿ ಪರೀಕ್ಷಿಸಿ.